ಜಿಪಾರ್ ಕೊನೊರ್ಚೆಕ್‌ಗೆ ಹೋದದ್ದು

ನಮ್ಮ ಓಣಿಯ ಜಿಪಾರ್ ಇಪ್ಪತ್ತಾರು ವರ್ಷ ರೈಲು ಹಳಿ ನೋಡಿಕೊಂಡಳು. ಬೂಮ್ ಕಮರಿಯಲ್ಲಿ ಚೂ ನದಿಯ ಪಕ್ಕದ ಆರು ಕಿಲೋಮೀಟರು ಅವಳ ಪಾಲಿನದು. ಉದ್ದ ಹಿಡಿಯ ಸುತ್ತಿಗೆ ಹೊತ್ತು, ಸಡಿಲಾದ ಬೋಲ್ಟು ಬಿಗಿದು, ಗುಡ್ಡದಿಂದ ಉರುಳಿದ ಕಲ್ಲು ಸರಿಸಿ ಬರುವುದು ಕೆಲಸ. ನಡುದಾರಿಯಲ್ಲಿ ಒಂದು ಒಣ ಹಳ್ಳ ಬಂದು ಹಳಿಯ ಕೆಳಗಿನ ಮೋರಿ ಸೇರುತ್ತದೆ. ಅದನ್ನು ಹಿಡಿದು ಒಂದೂವರೆ ಗಂಟೆ ಮೇಲಕ್ಕೆ ನಡೆದರೆ ಕೊನೊರ್ಚೆಕ್‌ನ ಕೆಂಪು ಕೊರಕಲು. ರಾಜಧಾನಿ ಬಿಷ್ಕೆಕ್‌ನವರು ಅದನ್ನು ನೋಡಲೆಂದೇ ಬರುತ್ತಾರೆ. ಜಿಪಾರ್ ಮಾತ್ರ ಒಳಗೆ ಕಾಲಿಟ್ಟವಳಲ್ಲ.

"ದಿನಾ ಹನ್ನೆರಡು ಕಿಲೋಮೀಟರು ನಡೆಯೋಳಿಗೆ ಮತ್ತೆ ನಡೆಯೋಕೆ ಏನು ಹುಚ್ಚು?" ಎನ್ನುತ್ತಿದ್ದಳು.

ನಿವೃತ್ತಿಯಾದ ಮೇಲೂ ಬೆಳಿಗ್ಗೆ ಐದಕ್ಕೇ ಎಚ್ಚರ. ಬೂಟು ಹಾಕಿಕೊಂಡು ಅಂಗಳದ ಗೇಟಿನ ಹತ್ತಿರ ಸುಮ್ಮನೆ ನಿಂತಿರುತ್ತಿದ್ದಳು. ಅವಳ ಅತ್ತೆ ಉಮ್ಸುನ್‌ಗೆ ಆಗ ಎಪ್ಪತ್ತೆಂಟು. ಅಕ್ಟೋಬರ್ ಮುಗಿಯುತ್ತಾ ಬಂದಿತ್ತು, ಎತ್ತರದ ಹುಲ್ಲುಗಾವಲುಗಳ ಮೇಲೆ ಹಿಮ ಕೂತಿತ್ತು. ಒಂದು ಬೆಳಿಗ್ಗೆ ಮುದುಕಿ ಕಿಟಕಿ ತೆರೆದು ಕೂಗಿದಳು.

"ಆ ಗೇಟನ್ನ ಯಾರೂ ಕದಿಯಲ್ಲ, ಕಾವಲು ಬಿಡು. ಕತ್ತೆಗೆ ಜೀನು ಹಾಕು."

"ಎಲ್ಲಿಗೆ, ಅಪಾ?" ಅತ್ತೆಯನ್ನು ಅವಳು ಕರೆಯುತ್ತಿದ್ದುದು ಹಾಗೆ, ತಾಯಿಯನ್ನು ಕರೆದಂತೆ.

"ಕೊನೊರ್ಚೆಕ್‌ಗೆ. ಹಿಮ ಕೆಳಗಿಳಿಯೋ ಮೊದಲು ಒಂದ್ಸಲ ನೋಡ್ಬೇಕು."

"ನಿಮ್ಮ ಮೊಣಕಾಲು?"

"ನಡೆಯೋದು ಕತ್ತೆ ಕಣೇ, ನಾನಲ್ಲ."

ರೊಟ್ಟಿ, ಕುರುತ್ ಎಂಬ ಒಣಮೊಸರಿನ ಉಂಡೆ, ಚಹಾ ತುಂಬಿದ ಫ್ಲಾಸ್ಕು ಕಟ್ಟಿಕೊಂಡು ಹೊರಟರು. ಹಳ್ಳ ಕಿರಿದಾಗುತ್ತಾ ಹೋಯಿತು. ಒಂದೆಡೆ ಮನೆಯೆತ್ತರದ ಬಂಡೆ ಅಡ್ಡವಾಗಿತ್ತು. ಕತ್ತೆ ನಿಂತುಬಿಟ್ಟಿತು. ಜಿಪಾರ್ ವಾಪಸು ಹೋಗೋಣವೆಂದಳು. ಮುದುಕಿ ಎಡಗಡೆಯ ಇಳಿಜಾರು ತೋರಿಸಿದಳು. ಪೊದೆಗಳ ಹಿಂದೆ ಆಡುಗಳು ತುಳಿದು ಮಾಡಿದ್ದ ಜಾಡು ಇನ್ನೂ ಇತ್ತು.

ಬಂಡೆಯಾಚೆ ಕಣಿವೆ ತೆರೆದುಕೊಂಡಿತು. ಕೆಂಪು ಮಣ್ಣಿನ ಗೋಡೆಗಳು ಗೋಪುರ ಗೋಪುರವಾಗಿ ನಿಂತಿದ್ದವು. ಬಿಸಿಲು ಬಿದ್ದ ಕಡೆ ಬೆಚ್ಚಗಿತ್ತು, ಗಾಳಿ ಇರಲಿಲ್ಲ. ಜಿಪಾರ್ ಕತ್ತೆಯ ಹಗ್ಗ ಬಿಟ್ಟು ಕತ್ತೆತ್ತಿ ಸುತ್ತಲೂ ನೋಡಿದಳು.

"ಇಷ್ಟು ಹತ್ತಿರ ಇತ್ತಲ್ಲ," ಎಂದಳು.

"ಅದು ಇಲ್ಲೇ ಇತ್ತು. ನೀನು ಬೋಲ್ಟು ನೋಡ್ತಿದ್ದೆ."

ಉಮ್ಸುನ್ ಹುಡುಗಿಯಾಗಿದ್ದಾಗ ಪ್ರತಿ ಶರತ್ಕಾಲದಲ್ಲಿ ಆಡುಗಳನ್ನು ಇಲ್ಲಿಗೇ ಇಳಿಸುತ್ತಿದ್ದಳು. ತಗ್ಗಿನ ಜಾಗ, ಹಿಮ ತಡವಾಗಿ ಬರುತ್ತದೆ. ಕಲ್ಲು ಸರಿಸಿ ಕಾದರೆ ನೀರು ಜಿನುಗುವ ಜಾಗವನ್ನು ಸೊಸೆಗೆ ತೋರಿಸಿದಳು. ಆಮೇಲೆ ಒಂದು ಎತ್ತರದ ಜಗಲಿಯಂಥ ಬಂಡೆ ತೋರಿಸಿದಳು. ಅದರ ಮೇಲೆ ಅವಳೂ ತಂಗಿಯೂ ಎರಡು ದಿನ ಕೂತಿದ್ದರಂತೆ. ಹಳ್ಳ ತುಂಬಿ ಹರಿದು ಹನ್ನೊಂದು ಆಡು ಕೊಚ್ಚಿಕೊಂಡು ಹೋಗಿದ್ದವು.

"ಇಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಮಳೆ ಬಿದ್ದದ್ದು ಮೇಲೆ. ಆ ಮೇಲಿನ ಬೆಟ್ಟ ಮೋಡದಿಂದ ಕಪ್ಪಾದ್ರೆ ಸಾಕು, ಹಳ್ಳ ತುಂಬ್ತದೆ. ನೋಡಿದ ಕೂಡಲೇ ಹೊರಡು, ಯಾರ ಮಾತೂ ಕೇಳ್ಬೇಡ."

ಮರುವಾರ ಜಿಪಾರ್ ಒಬ್ಬಳೇ ಹೋದಳು. ಹಳ್ಳಕ್ಕೆ ಅಡ್ಡವಾಗಿದ್ದ ಬಂಡೆಯ ಬಳಿ ದಾರಿ ಕಾಣದೆ ನಿಂತಿದ್ದ ಕಾಲೇಜಿನವರನ್ನು ಜಾಡಿನ ಮೇಲೆ ಹತ್ತಿಸಿದಳು. ಅವರು ಹೋಗಿ ಇನ್ನೊಬ್ಬರಿಗೆ ಹೇಳಿದರು. ಮುಂದಿನ ಸೆಪ್ಟೆಂಬರಿನಿಂದ ಶನಿವಾರಗಳಂದು ಮೋರಿಯ ಬಳಿ ಜನ ಅವಳಿಗಾಗಿ ಕಾಯತೊಡಗಿದರು.

ಆ ಶರತ್ಕಾಲದ ಕೊನೆಯ ಶನಿವಾರ ಹದಿನಾಲ್ಕು ಜನ ಬಂದಿದ್ದರು. ಬಂಡೆ ದಾಟುವಷ್ಟರಲ್ಲಿ ಮೇಲಿನ ಬೆಟ್ಟ ಕಪ್ಪಾಯಿತು. ಜಿಪಾರ್ ನಿಂತಳು.

"ವಾಪಸು."

"ಎಜೆ, ಹತ್ತೇ ನಿಮಿಷ ನೋಡ್ಕೊಂಡು ಹೋಗೋಣ," ಎಂದ ತಾಲಂತ್ ಎಂಬ ಯುವಕ. ಅಕ್ಕ ಎನ್ನುವಂತೆ ಎಲ್ಲರೂ ಅವಳನ್ನು ಎಜೆ ಎನ್ನುತ್ತಿದ್ದರು. "ತಲೆ ಮೇಲೆ ಬಿಸಿಲಿದೆ. ಮೋಡಕ್ಕೆ ಹೆದರ್ತೀರಾ?"

"ಹೆದರ್ತೀನಪ್ಪ. ನಡಿ."

ಎಲ್ಲರೂ ಗೊಣಗುತ್ತಾ ಇಳಿದರು. ಹಳಿಯ ಬಳಿ ಎರಡು ಗಂಟೆ ಕಾದರು. ಹಳ್ಳದಲ್ಲಿ ನೀರೇ ಬರಲಿಲ್ಲ. ಮೋಡ ಚೆದುರಿ ಹೋಯಿತು. ಯಾರೋ ನಕ್ಕರು. ಜಿಪಾರ್ ಮುಖ ಕೆಂಪಾಯಿತು.

ಮನೆಗೆ ಬಂದು ಅತ್ತೆಯ ಮುಂದೆ ಬೂಟು ಬಿಚ್ಚಿ ಎಸೆದಳು. "ಹದಿನಾಲ್ಕು ಜನರ ಮುಂದೆ ಮರ್ಯಾದೆ ಹೋಯ್ತು. ಇನ್ನು ಹೋಗಲ್ಲ."

ಉಮ್ಸುನ್ ಬಟ್ಟಲಿಗೆ ಚಹಾ ಬಗ್ಗಿಸುತ್ತಾ ಕೇಳಿದಳು, "ಹದಿನಾಲ್ಕೂ ಜನ ಮನೆ ಸೇರಿದ್ರಾ?"

"ಸೇರಿದ್ರು."

"ಹಾಗಾದ್ರೆ ಕುಡಿ. ಆರಿಹೋಗ್ತದೆ."

ಮುಂದಿನ ಶರತ್ಕಾಲದ ಮೊದಲ ಶನಿವಾರ ಜಿಪಾರ್ ಮತ್ತೆ ಮೋರಿಯ ಬಳಿ ನಿಂತಿದ್ದಳು. ತಾಲಂತ್ ತನ್ನ ತಾಯಿಯನ್ನು ಕರೆದುಕೊಂಡು ಬಂದ. "ಹೋದ ವರ್ಷ ನೀವು ವಾಪಸು ಕರ್ಕೊಂಡು ಬಂದದ್ದು ಕೇಳಿ ಅಮ್ಮ ಬೇರೆ ಯಾರ ಜೊತೆಗೂ ಕಳಿಸಲ್ವಂತೆ, ಎಜೆ. ಈ ಸಲ ಅವಳೂ ಬರ್ತಾಳೆ," ಎಂದ. ಆ ತಾಯಿ ಕೆಂಪು ಗೋಡೆಗಳ ನಡುವೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಊಟ ಮುಗಿದ ಮೇಲೂ ಏಳಲು ಒಪ್ಪಲಿಲ್ಲ. ಜಿಪಾರ್ ಅವಸರ ಮಾಡಲಿಲ್ಲ. ಪಕ್ಕದಲ್ಲೇ ಕೂತು ತಾನೂ ಕಾಲು ಚಾಚಿದಳು.