ಸುಡದ ಮಣ್ಣಿನ ಎತ್ತು

ಇವತ್ತು ಮಗಳು ದಸರಾ ರಜೆಯೆಂದು ಜೇಡಿಮಣ್ಣು ಕಲಸಿಕೊಂಡು ಕೂತಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನನ್ನೂರು ಹೆಮ್ಮಿಗೆಯ ಕೆರೆ ದಂಡೆಯಲ್ಲಿದ್ದೆ.

ರಜೆ ಬಂತೆಂದರೆ ನಮ್ಮ ಕೇರಿಯ ಮಕ್ಕಳೆಲ್ಲ ಅಲ್ಲಿ ಕೂತು ಮಣ್ಣಿನಲ್ಲಿ ಒಲೆ, ಗಾಡಿ, ಎತ್ತು ಮಾಡುತ್ತಿದ್ದೆವು. ಕೂಲಿ ಮುಗಿಸಿ ಬರುವ ಅವ್ವ ನಿಂತು ನೋಡಿ, ಎತ್ತಿನ ಡುಬ್ಬವನ್ನು ತಾನೇ ತಿದ್ದಿ ಹೋಗುತ್ತಿದ್ದಳು. ಒಂದು ಎತ್ತು ಎಷ್ಟು ಚೆನ್ನಾಗಿ ಬಂತೆಂದರೆ, ನನ್ನ ಕ್ಲಾಸಿನ ಸುಮ ಅದನ್ನು ತನ್ನ ಮನೆಯ ದಸರಾ ಗೊಂಬೆಗಳ ಸಾಲಿಗೆ ಕೇಳಿದಳು. ಊರ ನಡುವಿನ ದೊಡ್ಡ ಮನೆ ಅವರದು. ನಾನು ಅಂಗಳದಲ್ಲೇ ನಿಂತೆ, ಅವಳು ಒಳಗೆ ಒಯ್ದು ಗೊಂಬೆಗಳ ಸಾಲಿನಲ್ಲಿಟ್ಟಳು.

"ಎಷ್ಟು ಚೆಂದಾಗದೆ! ಯಾರವ್ವಾ ಮಾಡಿದ್ದು?" ಎಂದು ಅವಳ ಅಜ್ಜಿ ಕೇಳಿದರು. ಸುಮ ಖುಷಿಯಿಂದ ನನ್ನತ್ತ ಕೈ ತೋರಿದಳು.

ಅಜ್ಜಿಯ ಮುಖ ಬಿಗಿಯಿತು. "ಆ ಕೇರಿಯವ್ರು ಮುಟ್ಟಿದ್ನ ದೇವ್ರ ಮುಂದೆ ಮಡಗಿದ್ದೀಯಲ್ಲೇ!" ಎಂದವರೇ ಎತ್ತನ್ನು ಪೊರಕೆಯಿಂದ ಅಂಗಳಕ್ಕೆ ತಳ್ಳಿ, ಅದು ಹೋದ ದಾರಿಗೆಲ್ಲ ನೀರು ಸುರಿದರು. ಆ ನೀರಿನಲ್ಲಿ ಸುಡದ ಮಣ್ಣು ನನ್ನ ಕಾಲ ಬಳಿಯೇ ಕರಗಿತು.

ಅವ್ವ ಜಗಳಕ್ಕೆ ಹೋಗುತ್ತಾಳೆಂದುಕೊಂಡು ಎಲ್ಲ ಹೇಳಿದೆ. ಅವಳು ನನ್ನ ಕೈ ತೊಳೆಸಿ, "ಇನ್ಮೇಕೆ ಯಾರ್ಗೂ ಕೊಡ್ಬ್ಯಾಡ ಕಣವ್ವ. ನಾಳೆ ಅವ್ರ ಗದ್ದೆಗೇ ಕಳೆ ಕೀಳಾಕೆ ಓಗ್ಬೇಕು" ಎಂದಳು.

"ಅಮ್ಮಾ, ಈ ಆನೇನ ಪಕ್ಕದ್ಮನೆ ಆಂಟಿಗೆ ಕೊಟ್ಟು ಬರ್ತೀನಿ!" ಬೇಡ ಎನ್ನುವಷ್ಟರಲ್ಲಿ ಮಗಳು ತಾನು ಮಾಡಿದ ಹಸಿ ಮಣ್ಣಿನ ಆನೆ ಹಿಡಿದು ಹೊಸ್ತಿಲು ದಾಟಿದ್ದಳು. ಅವಳು ವಾಪಸ್ ಬರುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.