ಅಪ್ಪನ ಹೊಸ ಕಿವಿ

ಡೊಂಬಿವಲಿಯ ಹೋಟೆಲಿನಲ್ಲಿ ಗ್ರೈಂಡರ್ ಪಕ್ಕವೇ ದುಡಿದ ಅಪ್ಪನಿಗೆ ಕೊನೆಗೆ ಕಿವಿ ಪೂರ್ತಿ ಹೋಯಿತು. ಡಾಕ್ಟರು ಆಪರೇಷನ್ ಮಾಡಿ ತಲೆಯೊಳಗೊಂದು ಯಂತ್ರ ಕೂರಿಸಿ, ಅದಕ್ಕೆ ಸದ್ದು ಮುಟ್ಟಿಸಲು ಕಿವಿಯ ಹಿಂದೆ ಅಂಟುವ ಬಿಲ್ಲೆಯೊಂದನ್ನು ಕೊಟ್ಟರು. ಮೊದಮೊದಲು ಅಮ್ಮನ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಿದೆ ಎನ್ನುತ್ತಿದ್ದರು. ಆಮೇಲೆ ರೂಢಿಯಾಯಿತು.

ನಮ್ಮ ಮನೆ ರೈಲುಹಳಿಯ ಪಕ್ಕದಲ್ಲೇ. ಫಾಸ್ಟ್ ಲೋಕಲ್ ಬಂದಾಗ ನಾವೆಲ್ಲ ಮಾತು ನಿಲ್ಲಿಸಬೇಕಿತ್ತು. ಅಪ್ಪ ಮಾತ್ರ ಕಿವಿಯ ಹಿಂದಿನ ಬಿಲ್ಲೆ ಕಿತ್ತಿಟ್ಟು ನೆಮ್ಮದಿಯಾಗಿ ಪೇಪರ್ ಓದುತ್ತಿದ್ದರು. "ದೇವರು ಕೊಟ್ಟ ಕಿವಿಗೆ ಬಾಗಿಲೇ ಇರಲಿಲ್ಲ ನೋಡು," ಎಂದು ನಗುತ್ತಿದ್ದರು.

ಒಂದು ಭಾನುವಾರ ನನ್ನನ್ನು ಕೇಳಿದರು: "ಈಗ ಕೇಳಿಸಿಕೊಳ್ಳೋದು ನಾನೋ, ಮಿಶಿನ್ನೋ?"

ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಾನು ಮೈಕು, ಸಿಗ್ನಲ್ಲು ಎಂದು ವಿವರಿಸಲು ಹೊರಟೆ. ಅಡುಗೆಮನೆಯಿಂದ ಅಮ್ಮ ಹೇಳಿದಳು: "ಕರೆದರೆ ಮುಖ ಸಿಂಡರಿಸೋದು ನೀವೇ, ಮಿಶಿನ್ ಅಲ್ಲ."

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಅವರಿಲ್ಲದ ಈ ದಿನಗಳಲ್ಲಿ ನನಗೆ ಆ ಭಾನುವಾರವೇ ಹೆಚ್ಚು ನೆನಪಾಗುತ್ತದೆ.