ದೇವರನ್ನು ಗಂಜಿಗೆ ಹಾಕಿದ ದಿನ

ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ದೇವರನ್ನು ಗಂಜಿಯ ಗಡಿಗೆಗೆ ಹಾಕಿ, ಅಲ್ಲೇ ಬಿದ್ದಿರು ಎಂದು ಬೈದು ಬಂದಿದ್ದೆ. ನಗಬೇಡಿ ಮಕ್ಕಳೇ. ಆಗ ನನಗೆ ಹತ್ತು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಎಪ್ಪತ್ತರ ಹತ್ತಿರ ಬಂದಿದ್ದೇನೆ. ಸಿಟ್ಟು ಇನ್ನೂ ಅಲ್ಲೇ ಇದೆ, ಜೊತೆಗೆ ಒಂದು ಕನ್ನಡಕವೂ ಬಂದು ಕೂತಿದೆ.

ನಮ್ಮದು ನಾರಾಯಣಪೇಟೆಯಲ್ಲಿ ನೇಕಾರರ ಓಣಿ. ಪ್ರತಿ ಮನೆಯಲ್ಲೂ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗವಿತ್ತು. ಓಣಿಗೆಲ್ಲ ಒದ್ದೆ ನೂಲಿನ ವಾಸನೆ, ಹುಳಿತ ಗಂಜಿಯ ವಾಸನೆ. ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಓಣಿಯ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಎಳೆದು ಕಟ್ಟಬೇಕಿತ್ತು. ಅದಕ್ಕೆ ಹಾಸು ಎನ್ನುತ್ತಿದ್ದೆವು. ಬೆಳಕು ಹರಿಯುತ್ತಿದ್ದಂತೆ ಇಬ್ಬರು ಎರಡೂ ಬದಿಗೆ ನಿಂತು, ದೊಡ್ಡ ಕುಂಚಗಳಿಂದ ಹಾಸಿನ ಉದ್ದಕ್ಕೂ ಅಕ್ಕಿಯ ಗಂಜಿ ಸವರಿಕೊಂಡು ಹೋಗುತ್ತಿದ್ದರು. ಬಿಸಿಲು ಏರುವುದರೊಳಗೆ ನೂಲು ಒಣಗಿ ಗಟ್ಟಿಯಾಗಬೇಕು. ಅಲ್ಲಿಯವರೆಗೆ ಓಣಿಯಲ್ಲಿ ಕೋಳಿ ಕೂಡ ಅಡ್ಡ ಬರುವಂತಿರಲಿಲ್ಲ.

ಅದರ ಹಿಂದಿನ ವರ್ಷ ಅಕ್ಕನಿಗೆ ಗದ್ವಾಲಿನಲ್ಲಿ ಗಂಡು ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಮದುಮಗಳ ಸೀರೆಯನ್ನು ಅವಳ ಅಪ್ಪನೇ ನೇಯಬೇಕು, ಅದು ಮಗ್ಗದಿಂದ ಇಳಿಯುವವರೆಗೆ ಮುಹೂರ್ತ ಇಡುವಂತಿಲ್ಲ. ಊರಿಗೆಲ್ಲ ಸೀರೆ ನೇಯ್ದ ಅಪ್ಪನಿಗೆ ಇದೇನು ದೊಡ್ಡ ಕೆಲಸ ಎಂದುಕೊಂಡಿದ್ದೆವು. ಮೊದಲ ಸಲ ನೂಲಿಗೆ ಕೆಂಪು ಬಣ್ಣ ಸರಿಯಾಗಿ ಹಿಡಿಯದೆ ಮಚ್ಚೆ ಮಚ್ಚೆಯಾಯಿತು. ಎರಡನೇ ಸಲ ಬಂದ ನೂಲು ಹಳೆಯದು, ಮುಟ್ಟಿದಲ್ಲೆಲ್ಲ ಹರಿಯುತ್ತಿತ್ತು. ಹೀಗೇ ವರ್ಷ ಕಳೆಯಿತು. ಇನ್ನೂ ತಡವಾದರೆ ಬೇರೆ ಹುಡುಗಿಯನ್ನು ನೋಡುತ್ತೇವೆ ಎಂದು ಗದ್ವಾಲಿನವರು ಹೇಳಿಕಳಿಸಿದರು. ಅಕ್ಕ ಮಾತ್ರ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಲೇ ಇದ್ದಳು.

ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ ಇರುತ್ತಿತ್ತು. ನನಗೆ ಎಂಟು ವರ್ಷವಾದಾಗ ಮಠದ ಅಯ್ಯನವರು ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಕಪ್ಪು ಲಿಂಗವನ್ನು ನನ್ನ ಕೊರಳಿಗೆ ಕಟ್ಟಿದ್ದರು. "ಇನ್ನ ಮುಂದ ಶಿವ ನಿನ್ನ ಬಿಟ್ಟು ಎಲ್ಲೀ ಹೋಗಂಗಿಲ್ಲ ನೋಡವ್ವ. ನೀ ಬಿದ್ರೂ ನಿನ್ನ ಜೊತಿಗೇ ಇರ್ತಾನ" ಎಂದಿದ್ದರು. ದಿನಾ ಸ್ನಾನವಾದ ಮೇಲೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿಯೇ ನಾವು ಊಟಕ್ಕೆ ಕೂರುತ್ತಿದ್ದೆವು. ಲಿಂಗವನ್ನು ಮೈಮೇಲಿಂದ ತೆಗೆದಿಡುವಂತಿರಲಿಲ್ಲ. ಕಳೆದುಹೋದರೆ, ಸಿಗುವವರೆಗೆ ಬಾಯಿಗೆ ಒಂದು ಹನಿ ನೀರೂ ಹಾಕುವಂತಿರಲಿಲ್ಲ.

ಮೂರನೇ ಹಾಸು ಕಟ್ಟಿದ್ದು ಶಿವರಾತ್ರಿ ಮುಗಿದ ವಾರಕ್ಕೆ. ಆ ಶಿವರಾತ್ರಿ ನಾನೂ ಜಾಗರಣೆ ಮಾಡಿ, ಅಕ್ಕನ ಸೀರೆ ಮುಗಿಸಿಕೊಡು ಎಂದು ಕೇಳಿಕೊಂಡಿದ್ದೆ. ಅಪ್ಪ ಒಂದು ಬದಿಗೆ, ಕಾಕಾ ಇನ್ನೊಂದು ಬದಿಗೆ ಕುಂಚ ಹಿಡಿದು ಮೂರು ಸಲ ಓಡಾಡಿದರು. ಎಳೆಬಿಸಿಲಿಗೆ ಆ ಕೆಂಪು ನೂಲು ಮಿರಮಿರ ಮಿನುಗುತ್ತಿತ್ತು. ನಾನು ಬಗ್ಗಿ ಅದರ ಕೆಳಗಿನಿಂದ ಆಕಾಶ ನೋಡಿದೆ. ಆಕಾಶದಲ್ಲಿ ಮೋಡವಿತ್ತು.

ಆ ತಿಂಗಳಲ್ಲಿ ನಮ್ಮ ಕಡೆ ಮಳೆ ಬರುವುದೇ ಇಲ್ಲ. ಆ ದಿನ ಬಂತು. ದಪ್ಪ ದಪ್ಪ ಹನಿಗಳು ಧೂಳಿಗೆ ಬಿದ್ದು ಪಟಪಟ ಎಂದವು. ಓಣಿಯವರೆಲ್ಲ ಓಡಿ ಬಂದು ಗೂಟ ಕಿತ್ತು ಹಾಸು ಸುತ್ತುವಷ್ಟರಲ್ಲಿ ಗಂಜಿಯೆಲ್ಲ ತೊಳೆದುಹೋಗಿ, ಎಳೆಗೆ ಎಳೆ ಅಂಟಿಕೊಂಡು, ವಾರಗಟ್ಟಲೆ ಬಾಚದ ತಲೆಯ ಹಾಗೆ ಸಿಕ್ಕಾಗಿತ್ತು. ಹತ್ತೇ ನಿಮಿಷಕ್ಕೆ ಮಳೆ ನಿಂತು, ಏನೂ ಆಗದವರ ಹಾಗೆ ಸೂರ್ಯ ಬಂದ. ನನಗೆ ಮೈಯೆಲ್ಲ ಉರಿದದ್ದು ಆಗಲೇ. ಸುರಿಯುವುದಿದ್ದರೆ ದಿನವಿಡೀ ಸುರಿಯಬೇಕಿತ್ತು. ಬರೀ ನಮ್ಮ ಹಾಸು ಕೆಡಿಸುವುದಕ್ಕೆ ಬಂದಂತೆ ಬಂದು ಹೋಗಿತ್ತು.

ಅಪ್ಪ ಕೈಯಲ್ಲಿ ಕುಂಚ ಹಿಡಿದು ನಿಂತೇ ಇದ್ದ. "ಶಿವನೇ, ನೀ ಅದೀಯಪ್ಪ" ಎಂದ, ಅಷ್ಟೇ. ಎಲ್ಲಿದ್ದಾನೆ? ಯಾರಿಗಾಗಿ ಇದ್ದಾನೆ? ನಾನು ಕೊರಳಿಗೆ ಕೈಹಾಕಿ ದಾರ ಎಳೆದೆ. ಸೂರಿನ ಕೆಳಗೆ ಅರ್ಧ ಗಂಜಿ ಉಳಿದ ಗಡಿಗೆಯಿತ್ತು. ಬಟ್ಟೆಯ ಸಮೇತ ಲಿಂಗವನ್ನು ಅದರಲ್ಲಿ ಮುಳುಗಿಸಿ, "ಅಲ್ಲೇ ಬಿದ್ದಿರು, ಗಂಜಿ ಕುಡ್ಕೋತ" ಎಂದು ಬೈದು ಒಳಗೆ ಹೋದೆ. ಹೆದರಿಕೆ ಆಗಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗಿತ್ತು.

ಆ ಖುಷಿ ಪೂಜೆಯ ಹೊತ್ತಿನವರೆಗೆ ಮಾತ್ರ ಉಳಿಯಿತು. ಎಲ್ಲರೂ ವಿಭೂತಿ ಹಚ್ಚಿಕೊಂಡು ಕೂತಾಗ ನನ್ನ ಅಂಗೈ ಖಾಲಿ ಇತ್ತು.

"ಎಲ್ಲೈತಿ ನಿಂದು?" ಅಕ್ಕ ಕೇಳಿದಳು.

"ಗಂಜ್ಯಾಗ ಹಾಕೀನಿ."

ಕೆನ್ನೆಗೆ ಫಟ್ಟೆಂದು ಬಿತ್ತು. ಅಕ್ಕ ನನ್ನನ್ನು ಹೊಡೆದದ್ದು ಅದೊಂದೇ ಸಲ. ಎಲ್ಲರೂ ಹೊರಗೆ ಓಡಿದರು. ಗಡಿಗೆ ಖಾಲಿಯಾಗಿ ಬೋರಲು ಬಿದ್ದಿತ್ತು. ಉಳಿದ ಗಂಜಿಯನ್ನು ಎದುರು ಮನೆಯ ಎಮ್ಮೆ ಅಜ್ಜಿ ತನ್ನ ಎಮ್ಮೆಗೆಂದು ಒಯ್ಯುವುದು ಓಣಿಯಲ್ಲಿ ರೂಢಿ. ಆ ದಿನವೂ ತನ್ನ ಕೊಡಕ್ಕೆ ಸುರಿದುಕೊಂಡು ಹೋಗಿದ್ದಳು. ಎದುರು ಮನೆಗೆ ಹೋದರೆ ಬಾಗಿಲಿಗೆ ಕೀಲಿ. ಅಜ್ಜಿ ಮಗಳನ್ನು ನೋಡಲು ಮಕ್ತಲ್‌ಗೆ ಹೋಗಿದ್ದಾಳೆ, ಸಂಜೆಯ ಬಸ್ಸಿಗೆ ಬರುತ್ತಾಳೆ ಎಂದು ಪಕ್ಕದವರು ಹೇಳಿದರು. ಎಮ್ಮೆ ಮೇಯಲು ಹೋಗಿತ್ತು. ಅದು ಹೋಗುವ ಮೊದಲೇ ಗಂಜಿ ಕುಡಿದಿತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

"ಕೀಲಿ ಮುರೀರಿ ಅಪ್ಪಾ" ಎಂದೆ.

"ಮಂದಿ ಮನೀ ಕೀಲಿ ಮುರಿಯಾಕ ನಾವೇನ್ ಕಳ್ಳರಾ? ಬರ್ತಾಳ. ಕುಂದ್ರು."

ಅಜ್ಜಿಯ ಮನೆಯ ಕಟ್ಟೆಯ ಮೇಲೆ ಕೂತೆ. ಅಪ್ಪನೂ ಬಂದು ಪಕ್ಕದಲ್ಲಿ ಕೂತ. ಅವನ ಬೆರಳ ಸಂದಿಯಲ್ಲಿ ಗಂಜಿ ಒಣಗಿ ಬೆಳ್ಳಗೆ ಪೊರೆಯಾಗಿತ್ತು, ಉಗುರೆಲ್ಲ ಕೆಂಪು ಬಣ್ಣ. ಬೈಯಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತಂದಿತು.

"ಜೊತಿಗಿರ್ತೀನಿ ಅಂದಿದ್ದೆಲ್ಲ ಸುಳ್ಳು. ಇದ್ದಿದ್ರ ಮಳಿ ಯಾಕ ಬರ್ತಿತ್ತು?" ಎಂದು ನಾನೇ ಜಗಳ ತೆಗೆದೆ.

ಅಪ್ಪ ಬೆರಳಿಗೆ ಅಂಟಿದ್ದ ಗಂಜಿಯನ್ನು ಕೆರೆದ. "ಮಳಿ ತಡೀತೀನಿ ಅಂತ ಅವ ಯಾವಾಗ ಅಂದಾನ? ಜೊತಿಗಿರ್ತೀನಿ ಅಂದಾನ, ಅಷ್ಟ."

"ಸುಮ್ಮ ಜೊತಿಗಿದ್ರ ಏನ್ ಬಂತು?"

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು, ಬಿಸಿಲು ತಾಗದಂತೆ ನನ್ನ ತಲೆಯ ಮೇಲೆ ಹೊದಿಸಿದ.

ಮಧ್ಯಾಹ್ನವಾಯಿತು. ಕಟ್ಟೆಯ ಕಲ್ಲು ಕಾದಿತು. ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ, ಪುಂಡಿಪಲ್ಲೆಯ ಒಗ್ಗರಣೆಯ ಘಮ. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅಪ್ಪನೂ ಬೆಳಗಿನಿಂದ ನೀರು ಕುಡಿದಿರಲಿಲ್ಲ.

"ನೀವ್ಯಾಕ ಉಪಾಸ? ನಿಮ್ದು ನಿಮ್ಮ ಕೊರಳಾಗ ಐತಿ. ಹೋಗಿ ಉಣ್ರಿ" ಎಂದು ರೇಗಿದೆ.

"ನಿಂದು ಸಿಗೋತನ ಇಲ್ಲೇ ಇರ್ತೀನಿ."

"ಇದ್ದು ಏನ್ ಮಾಡ್ತೀರಿ?"

"ಏನೂ ಮಾಡಂಗಿಲ್ಲ. ಕುಂದರ್ತೀನಿ."

ಹೊತ್ತು ಇಳಿಯುವಾಗ ಅಕ್ಕ ಬಂದಳು. ಅವಳ ತುಟಿಯೂ ಒಣಗಿತ್ತು. ನನ್ನ ಇನ್ನೊಂದು ಬದಿಗೆ ಕೂತು, ತಾನು ಹೊಡೆದ ಕೆನ್ನೆಯನ್ನು ಒಮ್ಮೆ ಸವರಿದಳು. ನಿನ್ನ ಸಲುವಾಗಿಯೇ ಸಿಟ್ಟು ಬಂದಿತ್ತು ಎಂದೆ.

"ನನಗ ಸಿಟ್ಟಿಲ್ಲಂತ ತಿಳ್ಕೊಂಡೀಯೇನು?" ಎಂದಳು ಅಕ್ಕ. "ದಿನಾ ಮುಂಜಾನಿ ಅಂಗೈಯಾಗ ಇಟ್ಕೊಂಡು ಅವನಿಗೆ ಬೈತೀನಿ. ಪೂಜಿ ಅಂತ ನೀವು ತಿಳೀತೀರಿ. ಕಣ್ಣಾಗ ಕಣ್ಣಿಟ್ಟು ಬೈತೀನಿ. ನೀ ಅವನ್ನ ಒಗದು ಬಂದಿ. ಇನ್ನ ಯಾರಿಗೆ ಬೈತೀ?"

ನನಗೆ ದಿಗಿಲಾಯಿತು. ಅಷ್ಟು ಹೊತ್ತು ನಾನು ಅಪ್ಪನ ಮೇಲೆ, ಅಜ್ಜಿಯ ಮೇಲೆ, ಬಸ್ಸಿನ ಮೇಲೆ ರೇಗಿದ್ದೆ. ಕೈ ಮಾತ್ರ ಮತ್ತೆ ಮತ್ತೆ ಖಾಲಿ ಕೊರಳಿಗೇ ಹೋಗುತ್ತಿತ್ತು.

ಮಕ್ತಲ್ ಬಸ್ಸು ತಡವಾಗಿ ಬಂತು. ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಎಮ್ಮೆ ಅಜ್ಜಿ ಕೈಚೀಲ ಹಿಡಿದು ಕುಂಟುತ್ತ ಬಂದಳು. ತನ್ನ ಕಟ್ಟೆಯ ಮೇಲೆ ಸಾಲಾಗಿ ಕೂತ ನಮ್ಮನ್ನು ಕಂಡು ಗಾಬರಿಯಾಗಿ, "ಏಮೈಂದಿ ಬಿಡ್ಡಾ?" ಎಂದಳು, ಏನಾಯಿತು ಮಗು ಎಂದು. ಅವಳದು ತೆಲುಗು, ನಮ್ಮದು ಕನ್ನಡ. ಓಣಿಯಲ್ಲಿ ಎರಡೂ ಎಲ್ಲರಿಗೂ ತಿಳಿಯುತ್ತಿತ್ತು. ವಿಷಯ ಕೇಳಿದ್ದೇ ಕೀಲಿ ತೆಗೆದು ನಮ್ಮನ್ನು ಒಳಗೆ ಕರೆದಳು. ಅರ್ಧ ಗಂಜಿಯನ್ನು ಬೆಳಿಗ್ಗೆಯೇ ಎಮ್ಮೆಗೆ ಕುಡಿಸಿದ್ದಳು, ಅರ್ಧ ಮಾತ್ರ ಕೊಡದಲ್ಲಿತ್ತು.

ಅಪ್ಪ ಕೊಡದ ಹತ್ತಿರ ದೀಪ ಹಿಡಿದ. ನಾನು ಮೊಳಕೈವರೆಗೆ ಕೈ ಇಳಿಸಿದೆ. ಗಂಜಿ ತಣ್ಣಗೆ, ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಒಂದು ಸುತ್ತು ತಡಕಾಡಿದೆ, ಏನೂ ಸಿಗಲಿಲ್ಲ. ಇನ್ನೊಂದು ಸುತ್ತಿಗೆ ಬೆರಳಿಗೆ ದಾರ ಸಿಕ್ಕಿತು. ಎಳೆದರೆ ಬಟ್ಟೆ, ಬಟ್ಟೆಯೊಳಗೆ ಗುಂಡಗಿನ ಲಿಂಗ. ತೊಳೆಯುವಷ್ಟು ತಾಳ್ಮೆಯೂ ನನಗಿರಲಿಲ್ಲ. ಗಂಜಿ ಸೋರುತ್ತಿದ್ದ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, "ಎಲ್ಲಿದ್ದಿ ಇಷ್ಟೊತ್ತು?" ಎಂದು ಕಿರುಚಿ ಬೈದೆ. ಮಳೆಗೆ ಬೈದೆ, ಹಾಸಿನ ಸಲುವಾಗಿ ಬೈದೆ, ಹಸಿವಿಗೂ ಬೈದೆ. ಬೈಯುತ್ತ ಬೈಯುತ್ತ ಅಳು ಬಂತು. ಅಪ್ಪ ಆ ದಿನ ಮೊದಲ ಸಲ ನಕ್ಕ.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಗದ್ವಾಲಿನವರು ಕಾಯಲಿಲ್ಲ, ಬೇರೆ ಹುಡುಗಿಯನ್ನು ತಂದುಕೊಂಡರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆ ಸಿಕ್ಕಾದ ನೂಲನ್ನು ಅಪ್ಪ, ಅಕ್ಕ, ನಾನು ಬಿಡಿಸುತ್ತಲೇ ಕೂತೆವು. ಎಳೆ ಬಿಡಿಸುವುದು, ಹರಿದದ್ದನ್ನು ಗಂಟುಹಾಕುವುದು. ಅಕ್ಕನ ಮದುವೆಯಾದದ್ದು ಮೂರು ವರ್ಷದ ಮೇಲೆ, ಐಜ ಎಂಬ ಊರಲ್ಲಿ. ಅದೇ ನೂಲಿನಿಂದ ಅಪ್ಪ ನೇಯ್ದ ಸೀರೆ ಉಟ್ಟಿದ್ದಳು. ಕೈಯಾಡಿಸಿದರೆ ಸಣ್ಣ ಸಣ್ಣ ಗಂಟುಗಳು ಕೈಗೆ ಹತ್ತುತ್ತಿದ್ದವು.

ಈಗ ನಮ್ಮ ಓಣಿಗೆ ಸಿಮೆಂಟ್ ರಸ್ತೆ ಬಂದಿದೆ. ಹಾಸು ಕಟ್ಟುತ್ತಿದ್ದ ಜಾಗದಲ್ಲಿ ನಿಮ್ಮ ಸೈಕಲ್ಲು, ನಿಮ್ಮಪ್ಪನ ಬೈಕು ನಿಲ್ಲುತ್ತವೆ. ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಫೋನು ಇವತ್ತೇ ಹೇಳುತ್ತದೆ. ನಿಮ್ಮ ಅವಸರ ನೋಡಿದರೆ ನನಗೆ ರೇಗುತ್ತದೆ, ಎರಡು ನಿಮಿಷ ಕಾಯುವುದೆಂದರೆ ನಿಮಗೆ ಪ್ರಾಣ ಹೋಗುತ್ತದೆ. ಆದರೆ ನಮ್ಮ ದೊಡ್ಡ ಮೊಮ್ಮಗಳು ಹಾಸ್ಟೆಲ್ ಶಾಲೆಯ ಆಯ್ಕೆಪಟ್ಟಿಗೆ ಕಾದದ್ದು ಎರಡು ನಿಮಿಷವಲ್ಲ, ಎರಡು ವರ್ಷ. ಮೊನ್ನೆ ಬಂದ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ. ಫೋನನ್ನು ಹಾಸಿಗೆಗೆ ಎಸೆದು, ನೇರ ನನ್ನ ಮುಂದೆ ಬಂದು, "ಅಜ್ಜಿ, ಎಲ್ಲದಾನ ನಿನ್ನ ದೇವರು?" ಎಂದು ಕೂಗಿದಳು.

ದೇವರಿಗೆ ಹಾಗೆಲ್ಲ ಅನ್ನಬಾರದು ಎಂದು ಅವಳಪ್ಪ ಗದರಿದ. ನೀ ಸುಮ್ಮನಿರು ಎಂದು ನಾನು ಅವನಿಗೇ ಗದರಿದೆ. ನನ್ನ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದು, "ಇಲ್ಲೇ ಅದಾನ. ಬೈ" ಎಂದೆ. ಬೈದಳು. ನಾನೂ ಜೊತೆಗೂಡಿ ನಾಲ್ಕು ಮಾತು ಸೇರಿಸಿದೆ. ಆಮೇಲೆ ಅವಳು ಊಟ ಬೇಡವೆಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನಾನೂ ತಟ್ಟೆ ಸರಿಸಿ, ಮೊಣಕಾಲು ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ನೀ ಯಾಕ ಬಂದಿ? ಹೋಗಿ ಉಣ್ಣು. ಇಲ್ಲಿದ್ದು ಏನ್ ಮಾಡ್ತಿ?" ಎಂದು ರೇಗಿದಳು. ಸಿಟ್ಟು ಕೂತ ಆ ಮೂಗು ನನ್ನದೇ.

"ಏನೂ ಮಾಡಂಗಿಲ್ಲ" ಎಂದೆ. "ಕುಂದರ್ತೀನಿ."

ಬಹಳ ಹೊತ್ತು ಹಾಗೇ ಕೂತಿದ್ದೆವು. ಕೊನೆಗೆ ಅವಳಿಗೆ ಹಸಿವಾಯಿತು, ಇಬ್ಬರೂ ಎದ್ದು ಹೋಗಿ ಉಂಡೆವು.